ದಿನಕ್ಕೊಮ್ಮೆ ಕೂಗಿದರೂ ಸಾಕು

ಶಿಗ್ಗಾಂವದ ಕಾಲೇಜಿನಲ್ಲಿ ನಾನು ಜವಾನನಾಗಿದ್ದೆ. ಅಲ್ಲಿನ ಕಂಪ್ಯೂಟರ್‌ಗಳ ಮೇಲೆ ಕಣ್ಣಿಡುವ ತಂತ್ರಾಂಶವನ್ನು ಒಬ್ಬರು ನೋಡಿಕೊಳ್ಳುತ್ತಿದ್ದರು. ಕನ್ನಡಕವನ್ನು ಹಣೆಗೇರಿಸಿ ಯಾವಾಗಲೂ ಅದೇ ಮಾತು ಹೇಳುತ್ತಿದ್ದರು: "ಕಾಕಾ, ಲೈಸೆನ್ಸ್ ಐವತ್ತು ಮಷೀನಿಗಷ್ಟ. ಚಾಲೂ ಆದ ಮಷೀನು ದಿನಕ್ಕೊಮ್ಮೆ 'ನಾ ಇದ್ದೀನಿ' ಅಂತ ಕೂಗಿದ್ರೂ ಆ ದಿನದ ಲೆಕ್ಕಕ್ಕ ಒಂದು ಎಣಿಸ್ತದ."

ಖಂಡೇನವಮಿಯ ಆಯುಧಪೂಜೆಗೆ, ಸತ್ತಂತಿದ್ದ ಯಂತ್ರಕ್ಕೆ ಕುಂಕುಮ ಹಚ್ಚಬಾರದೆಂದು, ಮೂಲೆಯಲ್ಲಿ ವೈರು ಸಮೇತ ಇದ್ದ ಹಳೆಯ ಕಂಪ್ಯೂಟರ್‌ಗಳನ್ನೂ ಚಾಲೂ ಮಾಡಿ, ಪೂಜಿಸಿ, ಆರಿಸಿದೆ. ಎಣಿಕೆ ಐವತ್ತನ್ನು ಮೀರಿ ತಂತ್ರಾಂಶ ನಿಂತುಹೋಯಿತು. ಪ್ರಾಚಾರ್ಯರು ತಂತ್ರಾಂಶ ನೋಡಿಕೊಳ್ಳುತ್ತಿದ್ದವರದೇ ತಪ್ಪೆಂದು ಅವರಿಗೆ ಕೆಲಸ ಬಿಡಲು ಹೇಳಿದರು.

"ಇವನ್ನ ಯಾರರ ಚಾಲೂ ಮಾಡಿದ್ರೇನ್ರಿ, ಕಾಕಾ?" ಮೂಲೆಯ ಯಂತ್ರಗಳನ್ನು ತೋರಿಸಿ ಅವರು ನನ್ನನ್ನು ಕೇಳಿದರು.

"ನನಗ ಗೊತ್ತಿಲ್ರಿ, ಸರ್." ಸುಳ್ಳು ಹೇಳಿದೆ.

ಅವರು ಹಳೆಯ ಯಂತ್ರಗಳ ಮೇಲಿದ್ದ ಕುಂಕುಮವನ್ನು ಕರವಸ್ತ್ರದಿಂದ ಒಂದೊಂದಾಗಿ ಒರೆಸಿ ಹೊರಟುಹೋದರು.

ಎರಡು ನಿಮಿಷ ಚಾಲೂ ಇದ್ದದ್ದು ಇಡೀ ದಿನದ ಎಣಿಕೆ ಹೇಗಾಯಿತೋ ನನಗಿನ್ನೂ ತಿಳಿದಿಲ್ಲ. ಅವರು ಕುಂಕುಮ ಒರೆಸಿದ್ದು ನನ್ನ ಸುಳ್ಳನ್ನು ಕಾಯಲೆಂದಂತೂ ಆಗ ತಿಳಿಯಲೇ ಇಲ್ಲ.