ಡಬ್ಬಿ ಹುಡುಕಲು ಹೋದ ಭಾನುವಾರ

ದೆವ್ವ, ಗಾಳಿ, ಸೋಂಕು ಇಂಥವನ್ನೆಲ್ಲ ನಂಬಿದವಳಲ್ಲ ನಾನು. ಶಹಾಪುರದ ಹತ್ತಿರದ ಶಾಲೆಯೊಂದರಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದೆ. ಯಾರಾದರೂ ಇಂಥ ಕತೆ ಹೇಳಿದರೆ ಅವರ ಎದುರಿಗೆ ನಗುತ್ತಿರಲಿಲ್ಲ, ಒಳಗೊಳಗೇ ನಗುತ್ತಿದ್ದೆ. ಇದನ್ನು ಓದಿ ನೀವೂ ಹಾಗೆ ನಕ್ಕರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ.

ಆಗ ನಾವು ಭೀಮರಾಯನಗುಡಿಯ ಕ್ವಾರ್ಟರ್ಸ್‌ನಲ್ಲಿದ್ದೆವು. ನಮ್ಮ ಮನೆಯವರು ಕಾಲುವೆ ಕೆಲಸದಲ್ಲಿ ಸರ್ವೆ ಮಾಡುತ್ತಿದ್ದರು. ನಾರಾಯಣಪುರದ ನೀರು ಬಂದು ಕೆಲವು ವರ್ಷಗಳಾಗಿ, ಜೋಳದ ಹೊಲಗಳು ಒಂದೊಂದಾಗಿ ಭತ್ತದ ಗದ್ದೆಗಳಾಗುತ್ತಿದ್ದ ಕಾಲ. ಪುಣೆಯಿಂದ ಬಂದಿದ್ದ ಎಂಜಿನಿಯರ್ ಒಬ್ಬರು ಇವರಿಗೆ ಒಂದು ಹುಚ್ಚು ಹಿಡಿಸಿ ಹೋದರು. ಹೊರದೇಶಗಳಲ್ಲಿ ಜನ ಡಬ್ಬಿಯೊಂದರಲ್ಲಿ ಸಣ್ಣಪುಟ್ಟ ಸಾಮಾನು ಹಾಕಿ ಗುಡ್ಡದಲ್ಲೋ ಕಾಡಿನಲ್ಲೋ ಅಡಗಿಸಿಡುತ್ತಾರಂತೆ. ಬೇರೆ ಮನೆಯವರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹುಡುಕಲು ಹೋಗುತ್ತಾರಂತೆ. ಸಿಕ್ಕರೆ ಒಂದು ಸಾಮಾನು ತೆಗೆದುಕೊಂಡು, ತಮ್ಮದೊಂದು ಇಟ್ಟು, ಒಳಗಿನ ಪುಸ್ತಕದಲ್ಲಿ ತಮ್ಮ ಗುರುತಿನ ಮುದ್ರೆ, ಅಂದರೆ ಶಿಕ್ಕಾ, ಒತ್ತಿ, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ಜಾಗ ಹಿಡಿಯಲು ಆಕಾಶದ ಉಪಗ್ರಹ ನೋಡಿ ಹೇಳುವ ಯಂತ್ರ ಇರುತ್ತದಂತೆ. ಅದು ನಮ್ಮ ಹತ್ತಿರ ಎಲ್ಲಿಂದ ಬರಬೇಕು? ನಾವು ಒಗಟಿನ ಹಾಗೆ ಸುಳಿವು ಹೇಳಿಕೊಂಡು ಆಡುತ್ತಿದ್ದೆವು. ಮೂರನೇ ಕ್ಲಾಸಿನಲ್ಲಿದ್ದ ನಮ್ಮ ಮಗಳು ಸುಜಾತಾ ರಬ್ಬರ್ ಕೊರೆದು ಶಿಕ್ಕಾ ಮಾಡಿದ್ದಳು. ಅವಳು ಕೊರೆದದ್ದು ಹಕ್ಕಿ, ಒತ್ತಿದರೆ ಮೂಡುತ್ತಿದ್ದದ್ದು ಚಪ್ಪಲಿ.

ನಮ್ಮ ಆಟದಲ್ಲಿ ಇನ್ನೊಂದು ರೂಢಿಯಿತ್ತು. ಸುಳಿವು ತಿಳಿಯದೆ ಸೋತರೆ, ಡಬ್ಬಿ ಇಟ್ಟವರು ಕುಳಿತಲ್ಲಿಂದಲೇ ಕೂಗಿ ದಾರಿ ಹೇಳಬೇಕು. ಹತ್ತಿರ ಹೋದರೆ ‘ಬಿಸಿ’, ದೂರ ಹೋದರೆ ‘ತಂಪು’.

ದಸರಾ ರಜೆ ಮುಗಿಯುವುದರೊಳಗಿನ ಒಂದು ಭಾನುವಾರ ಶಹಾಪುರದ ಗುಡ್ಡದ ಬುಡಕ್ಕೆ ಹೋದೆವು. ಅಲ್ಲಿ ಮನೆಯಷ್ಟು ದೊಡ್ಡ ಬಂಡೆಗಳು ಒಂದರ ಮೇಲೊಂದು ಬಿದ್ದುಕೊಂಡಿವೆ. ಬಂಡೆಗಳು ಮುಗಿದ ಕಡೆ ಮಣ್ಣಿನ ಏರಿ, ಏರಿಯ ಆಚೆ ಕಾಲುವೆ. ಬೆಳಗ್ಗೆಯೇ ಬಂದು ಇವರು ಡಬ್ಬಿ ಇಟ್ಟಿದ್ದರು. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಉಂಡಾದ ಮೇಲೆ ಇವರು ಎತ್ತರದ ಒಂದು ಬಂಡೆ ಹತ್ತಿ ಕುಳಿತರು.

“ಕಾಲುವಿ ಕಡಿ ಯಾರೂ ಹೋಗಬ್ಯಾಡ್ರಿ. ಡಬ್ಬಿ ಆ ಕಡಿ ಇಲ್ಲ, ಮೊದಲ ಹೇಳೀನಿ,” ಅಂದರು.

ಸುಜಾತಾ ಎಡಕ್ಕೆ ಹೋದಳು, ನಾನು ಬಲಕ್ಕೆ. ಯಾರು ಮೊದಲು ಹುಡುಕುತ್ತಾರೆಂದು ಪಂದ್ಯ. ಇವರ ‘ತಂಪು’ ಒಂದೆರಡು ಸಲ ಕೇಳಿಸಿತು. ಆಮೇಲೆ ಬಂಡೆಗಳ ಸಂದಿಯಲ್ಲಿ ಏನೂ ಕೇಳಿಸಲಿಲ್ಲ. ಮಧ್ಯಾಹ್ನದ ಬಿಸಿಲು, ಗಾಳಿಯಿರಲಿಲ್ಲ.

ಆಗ ಸುಜಾತಾ ಕರೆದಳು. “ಅವ್ವ, ಸಿಕ್ತು. ಬಾ ಇಲ್ಲಿ.”

ಪಕ್ಕದ ಬಂಡೆಯ ಹಿಂದಿನಿಂದ ಬಂದ ಹಾಗಿತ್ತು ಆ ದನಿ. ಹೋಗಿ ನೋಡಿದರೆ ಯಾರೂ ಇಲ್ಲ. ಮತ್ತೆ “ಬಾ ಅವ್ವ” ಎಂದು ಮುಂದಿನ ಬಂಡೆಯ ಹಿಂದಿನಿಂದ. ಆಟ ಆಡಿಸುತ್ತಿದ್ದಾಳೆ ಎಂದು ಸ್ವಲ್ಪ ಸಿಟ್ಟೇ ಬಂತು. ಒಂದು ಬಂಡೆ ದಾಟಿ ಇನ್ನೊಂದಕ್ಕೆ ಹೋಗುತ್ತಲೇ ಇದ್ದೆ. ಎಷ್ಟು ನಡೆದರೂ ದನಿ ಹತ್ತಿರವೂ ಆಗಲಿಲ್ಲ, ದೂರವೂ ಆಗಲಿಲ್ಲ. ಕೂಗಿದ ದನಿಯೂ ಅಲ್ಲ ಅದು. ರಾತ್ರಿ ನನ್ನ ಮಗ್ಗುಲಲ್ಲಿ ಮಲಗಿ ಮಾತಾಡುವಾಗಿನ ಅವಳ ಸಣ್ಣ ದನಿ. ಅಷ್ಟು ಸಣ್ಣ ದನಿ ಬಂಡೆಯಾಚೆಯಿಂದ ಹೇಗೆ ಕೇಳಿಸುತ್ತದೆ ಎಂದು ಆಗ ನನಗೆ ಹೊಳೆಯಲಿಲ್ಲ.

ಬಂಡೆಗಳು ಮುಗಿದವು. ಎದುರಿಗೆ ಏರಿ. ಹತ್ತಿ ನೋಡಿದೆ.

ಕಾಲುವೆ ತುಂಬಿ ಹರಿಯುತ್ತಿತ್ತು. ಸಿಮೆಂಟಿನ ಇಳಿಜಾರಿನಲ್ಲಿ ಸುಜಾತಾ ಒಂದೊಂದೇ ಹೆಜ್ಜೆ ಇಡುತ್ತ ಕೆಳಗಿಳಿಯುತ್ತಿದ್ದಳು. ಅವಳು ಮುಂದಿಟ್ಟ ಕಾಲು ಆಗಲೇ ಪಾಚಿಯ ಮೇಲಿತ್ತು. ಆ ಕಾಲುವೆಗೆ ಜಾರಿ ಬಿದ್ದ ದನಗಳೂ ಹತ್ತಿ ಬರುವುದಿಲ್ಲ ಎನ್ನುವುದು ನಮ್ಮ ಕಾಲೊನಿಯಲ್ಲಿ ಎಲ್ಲರಿಗೂ ಗೊತ್ತು. ನಾನು ಕೂಗಲಿಲ್ಲ. ಕೂಗಿದ್ದರೆ ಬೆಚ್ಚಿ ಬೀಳುತ್ತಿದ್ದಳೋ ಏನೋ. ಕುಳಿತುಕೊಂಡೇ ಜಾರಿ ಇಳಿದು ಅವಳ ತೋಳು ಹಿಡಿದೆ. ಅಂಗೈ, ಮೊಣಕೈ ಎಲ್ಲ ಕೆತ್ತಿ ಹೋದವು. ಹೇಗೋ ಇಬ್ಬರೂ ಮೇಲೆ ಬಂದೆವು.

“ಇಲ್ಲಿಗ್ಯಾಕ ಬಂದಿ? ಅಪ್ಪ ಬ್ಯಾಡ ಅಂದಿರಲಿಲ್ಲೇನು?”

“ನೀನ ಕರದಿ ಅಲ್ಲ? ಬಿಸಿ, ಬಿಸಿ, ಇನ್ನೊಂದು ಹೆಜ್ಜಿ ಬಾ ಅಂದಿ.”

“ನಾ ಎಲ್ಲಿ ಕರದೀನಿ? ಸಿಕ್ತು ಬಾ ಅಂತ ನೀನ ನನ್ನ ಕರದಿ.”

“ನಾ ಬಾಯೇ ತೆರದಿಲ್ಲವ್ವ,” ಅಂದಳು.

ಅಷ್ಟರಲ್ಲಿ ಇವರು ಓಡುತ್ತ ಬಂದರು. ಇಬ್ಬರೂ ಕಣ್ಮರೆಯಾದಾಗಿನಿಂದ ಹೆಸರು ಹಿಡಿದು ಕೂಗಿ ಕೂಗಿ ಅವರ ಗಂಟಲು ಒಡೆದಿತ್ತು. ಆ ಕೂಗು ನಮ್ಮಿಬ್ಬರಿಗೂ ಕೇಳಿಸಿರಲಿಲ್ಲ. ಏರಿಯ ಮೇಲೆ ಸ್ವಲ್ಪ ದೂರದಲ್ಲಿ ಒಬ್ಬ ಮುದುಕಿ ಆಡು ಮೇಯಿಸುತ್ತಿದ್ದಳು. ಇವರು ಅವಳನ್ನು ಕೇಳಿದರು.

“ಕೂಸು ಕಾಲು ತೊಳ್ಕೊಳ್ಳಾಕ ಇಳದಾದ ಅನಕೊಂಡ್ನಿ ಯಪ್ಪಾ,” ಅಂದಳು. “ನೀವು ಒದರಿದ್ದು ಕೇಳ್ತು. ಇವರ‍್ಯಾರೂ ಒದರಲಿಲ್ಲ. ಕರದಿದ್ರ ನನಗ ಕೇಳ್ತಿರಲಿಲ್ಲೇನು?”

ಡಬ್ಬಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದೆವು.

ಆಮೇಲೆ ನಾನು ಸುಮ್ಮನೆ ಕೂಡಲಿಲ್ಲ. ಬಂಡೆಗಳ ನಡುವೆ ದನಿ ತಿರುಗಿ ಬರುವುದು ಹೊಸದಲ್ಲ, ಪ್ರತಿಧ್ವನಿಯ ಪಾಠವನ್ನು ನಾನೇ ಮಾಡುತ್ತಿದ್ದೆ. ಇವರನ್ನು ಕರೆದುಕೊಂಡು ಹೋಗಿ ಅದೇ ಬಂಡೆಯ ಮೇಲೆ ನಿಲ್ಲಿಸಿ ಕೂಗಿಸಿದೆ. ಏರಿಯವರೆಗೂ ಸ್ಪಷ್ಟವಾಗಿ ಕೇಳಿಸಿತು. ಅಂದು ಯಾಕೆ ಕೇಳಿಸಲಿಲ್ಲ? ಇನ್ನು ಪ್ರತಿಧ್ವನಿ ಎಂದರೆ, ಯಾರೋ ಆಡಿದ ಮಾತನ್ನೇ ಅದು ತಿರುಗಿ ಆಡಬೇಕು. ಯಾರೂ ಆಡದ ಮಾತನ್ನು ಎಲ್ಲಿಂದ ತರುತ್ತದೆ? ಅಕ್ಕಪಕ್ಕದವರು ಆ ಜಾಗದ ಬಗ್ಗೆ ಏನೇನೋ ಹೇಳಿದರು. ಒಬ್ಬರ ಕತೆ ಇನ್ನೊಬ್ಬರ ಕತೆಗೆ ಹೊಂದುತ್ತಿರಲಿಲ್ಲ. ಯಾವುದನ್ನೂ ನಾನು ನಂಬಲಿಲ್ಲ, ಈಗಲೂ ನಂಬುವುದಿಲ್ಲ. ಎರಡು ಮೂರು ಸಲ ಸುರಪುರದ ಗುಡ್ಡದಲ್ಲಿ ಡಬ್ಬಿ ಆಟ ಆಡಿದೆವು. ಮೂವರೂ ಒಟ್ಟಿಗೇ ನಡೆದೆವು, ಯಾರೂ ಕೂಗಲಿಲ್ಲ. ಹಾಗೆ ಆಡಿದರೆ ಅದು ಆಟ ಅನ್ನಿಸಲಿಲ್ಲ. ತಾನಾಗಿಯೇ ನಿಂತುಹೋಯಿತು.

ಸುಜಾತಾಳ ಸಂಸಾರ ಈಗ ಯಾದಗಿರಿಯಲ್ಲಿದೆ. ಅವಳಿಗೂ ಒಬ್ಬ ಮಗಳು. ಹೋದ ವರ್ಷ ಅವರ ಮನೆಗೆ ಹೋಗಿದ್ದಾಗ ಮೊಮ್ಮಗಳು ಮಾಳಿಗೆಯ ಮೇಲಿಂದ “ಅವ್ವ, ಅವ್ವ” ಎಂದು ಒಂದೇ ಸಮನೆ ಕರೆಯುತ್ತಿದ್ದಳು. ಸುಜಾತಾ ಓ ಅನ್ನಲಿಲ್ಲ. ಹಿಟ್ಟಿನ ಕೈಯಲ್ಲೇ ಎದ್ದು, ಮೆಟ್ಟಿಲು ಹತ್ತಿ ಹೋಗಿ ನೋಡಿ ಬಂದಳು.

“ಕೂಸು ಅಷ್ಟು ಕರಿಯಾಕತ್ತದ, ಕುಂತಲ್ಲಿಂದ ಒಂದು ಓ ಅಂದ್ರ ಏನಾಗ್ತದ?” ಅಂದೆ.

“ಕಣ್ಣಿಗೆ ಕಾಣೂತನಕ ನಾ ಯಾರಿಗೂ ಓ ಅನ್ನೂದಿಲ್ಲವ್ವ,” ಅಂದಳು.

ಆಮೇಲೆ, ಇಷ್ಟು ವರ್ಷ ಬಾಯಿ ಬಿಡದೆ ಇದ್ದದ್ದನ್ನು ರೊಟ್ಟಿ ಬಡಿಯುತ್ತಲೇ ಹೇಳಿದಳು.

“ಆವತ್ತ ನೀ ಕರೀತಿದ್ದದ್ದು ಕಾಲುವಿ ಆಚಿ ದಂಡಿಯಿಂದ. ನೀ ಬಂದು ನನ್ನ ತೋಳು ಹಿಡದ ಮ್ಯಾಲೂ ಆ ದಂಡಿಯಿಂದ ಕರಿಯೂದು ನಿಂದರಲಿಲ್ಲ. ನಾ ಇಲ್ಲಿದ್ದೀನಿ, ಅಕಿ ಕೂಡ ಹೋಗಬ್ಯಾಡ, ಬಾ ಅಂತ. ಯಾವಾಕಿ ನಮ್ಮವ್ವ ಅಂತ ನನಗ ತಿಳೀಲಿಲ್ಲ. ನೀ ಗಟ್ಟಿ ಹಿಡದಿದ್ದಿ, ಅದಕ್ಕ ನಿನ್ನ ಕೂಡ ಬಂದೆ.”

ಆ ಭಾನುವಾರದ ನಂತರ ಎಷ್ಟೋ ದಿನ ಅವಳು ರಾತ್ರಿ ಎದ್ದು ಕುಳಿತು ನನ್ನ ಮುಖವನ್ನು ಕೈಯಿಂದ ಸವರಿ ನೋಡುತ್ತಿದ್ದಳು. ನೀರಿಗೆ ಹೆದರಿದ್ದಾಳೆ ಎಂದುಕೊಂಡು ನಾನು ತಟ್ಟಿ ಮಲಗಿಸುತ್ತಿದ್ದೆ. ಅವಳು ಏನನ್ನು ಪರೀಕ್ಷಿಸುತ್ತಿದ್ದಳು ಎನ್ನುವುದು ಅಂದು ಆ ಅಡುಗೆಮನೆಯಲ್ಲಿ ನನಗೆ ತಿಳಿಯಿತು.

ನನ್ನ ದನಿಯಲ್ಲಿ ಅವಳನ್ನು ನೀರಿಗೆ ಕರೆದದ್ದು, ಅವಳ ದನಿಯಲ್ಲಿ ನನ್ನನ್ನು ಅವಳಿದ್ದಲ್ಲಿಗೆ ಕರೆತಂದದ್ದು, ಇವೆರಡೂ ಒಂದೆಯೋ ಬೇರೆ ಬೇರೆಯೋ ನನಗೆ ಗೊತ್ತಿಲ್ಲ. ಒಂದೇ ಆಗಿದ್ದರೆ ಅದು ನಮ್ಮಿಬ್ಬರನ್ನೂ ಅಲ್ಲಿಗೆ ಕರೆದದ್ದು ಯಾಕೆ ಎಂದು ಯೋಚಿಸಲು ಹೋಗುತ್ತೇನೆ, ಅರ್ಧಕ್ಕೇ ಬಿಟ್ಟುಬಿಡುತ್ತೇನೆ.