ತನುಜಾ ಕರಣೆ ಹಿಡಿದದ್ದು

ತನುಜಾ ಮದುವೆಗೆ ಮೊದಲು ಏಳು ವರ್ಷ ದುಗ್ಗಪ್ಪ ಮೇಸ್ತ್ರಿಯ ಗ್ಯಾಂಗಿನಲ್ಲಿ ಗಾರೆ ಹೊತ್ತವಳು. ಆನಂದಪುರದ ಸುತ್ತಮುತ್ತ ಆಗ ಎದ್ದ ಎಷ್ಟೋ ಮನೆಗಳ ಗೋಡೆಗೆ ಕಲಸಿದ ಸಿಮೆಂಟು ಅವಳ ತಲೆಯ ಮೇಲೆಯೇ ಹೋಗಿತ್ತು. ಆದರೆ ಒಂದು ದಿನವೂ ಅವಳ ಕೈಗೆ ಕರಣೆ ಬರಲಿಲ್ಲ. ಗಂಡಸರು ಕಟ್ಟುತ್ತಿದ್ದರು, ಹೆಂಗಸರು ಹೊರುತ್ತಿದ್ದರು. ಬಾಂಡ್ಲಿ ಇಳಿಸಿ ಇನ್ನೊಂದು ತುಂಬುವ ತನಕ ಸಿಗುವ ಬಿಡುವಿನಲ್ಲಿ ಅವಳು ನಿಂತು ನೋಡುತ್ತಿದ್ದಳು. ದಾರ ಎಲ್ಲಿಂದ ಎಲ್ಲಿಗೆ ಎಳೆಯುತ್ತಾರೆ, ಕಲ್ಲಿಗೆ ಮೊದಲು ನೀರು ಯಾಕೆ ಚಿಮುಕಿಸುತ್ತಾರೆ, ಸಾರಣೆ ಒಣಗುವ ಮೊದಲು ಎಷ್ಟು ಹೊತ್ತಿಗೆ ತಿಕ್ಕಬೇಕು, ಎಲ್ಲವನ್ನೂ ನೋಡಿದಳು.

"ಎಂತ ಬಾಯಿ ಬಿಟ್ಕಂಡ್ ನೋಡ್ತೀಯೇ? ಮಾಲು ತಗಂಡ್ ಬಾ," ಎಂದು ದುಗ್ಗಪ್ಪ ಮೇಲಿಂದ ಕೂಗುತ್ತಿದ್ದ.

ಮದುವೆಯಾಗಿ ಹಾಲುಗುಡ್ಡೆಗೆ ಬಂದ ಮೇಲೆ ಆ ಕೆಲಸ ಬಿಟ್ಟುಹೋಯಿತು. ಹಾಲುಗುಡ್ಡೆ ಎಂದರೆ ಗುಡ್ಡದ ಇಳುಕಲಿನಲ್ಲಿ ಇಪ್ಪತ್ತೆಂಟು ಮನೆಗಳ ಕೇರಿ. ಗಂಡ ನಾಗೇಂದ್ರ ಬೋರ್‌ವೆಲ್ ಲಾರಿಯ ಮೇಲೆ ಕೆಲಸಕ್ಕಿದ್ದ. ಲಾರಿ ಚಿತ್ರದುರ್ಗದ ಕಡೆ ಹೋದರೆ ತಿಂಗಳಿಗೊಮ್ಮೆ ಮನೆ ಕಾಣುತ್ತಿದ್ದ. ಮನೆಯಲ್ಲಿ ಉಳಿದವರು ಅತ್ತೆ ಗುತ್ಯಮ್ಮ, ತನುಜಾ, ಮತ್ತು ಏಳು ತಿಂಗಳಿಗೇ ಹುಟ್ಟಿದ ಮಗಳು ರಕ್ಷಾ.

ರಕ್ಷಾ ಮಾತು ಬೇಗ ಕಲಿತಳು. ನಗುವುದನ್ನು ಅದಕ್ಕೂ ಮೊದಲು ಕಲಿತಳು. ಆದರೆ ಎರಡು ವರ್ಷ ತುಂಬಿದರೂ ನಿಲ್ಲಲಿಲ್ಲ. ನಿಲ್ಲಿಸಿದರೆ ಎರಡೂ ಕಾಲು ಕೋಲಿನ ಹಾಗೆ ಸೆಟೆದು ಕತ್ತರಿಯಂತೆ ಒಂದರ ಮೇಲೊಂದು ಹೋಗುತ್ತಿದ್ದವು. ಸಾಗರದಲ್ಲಿ ಮಕ್ಕಳಿಗೆ ಕಾಲಿನ ವ್ಯಾಯಾಮ ಹೇಳಿಕೊಡುವ ಭವ್ಯಾ ಮೇಡಂ ಹತ್ತಿರ ತನುಜಾ ಮಗಳನ್ನು ಎತ್ತಿಕೊಂಡು ಹೋದಳು. ಅವರು ಕಾಲುಗಳನ್ನು ಮಡಿಸಿ, ಬಿಡಿಸಿ, ತುಂಬಾ ಹೊತ್ತು ನೋಡಿದರು. ಹುಟ್ಟುವಾಗಲೇ ಆದ ತೊಂದರೆ ಇದು, ಔಷಧಿ ಕುಡಿಸಿದರೆ ಹೋಗುವಂಥದ್ದಲ್ಲ ಎಂದು ಬಿಡಿಸಿ ಹೇಳಿದರು. ಮಗುವಿನ ಸೊಂಟದ ಎತ್ತರಕ್ಕೆ ಎರಡೂ ಕಡೆ ಹಿಡಿದುಕೊಳ್ಳುವ ಕಂಬಿ ಬೇಕು. ಕಾಲಡಿ ಸಮನಾದ ನೆಲ ಬೇಕು. ದಿನಾ ನಿಲ್ಲಬೇಕು, ದಿನಾ ಹೆಜ್ಜೆ ಇಡಬೇಕು.

"ನಡೀತಾಳಾ ಮೇಡಂ?"

"ಎಷ್ಟು ನಡೀತಾಳೆ ಅಂತ ನಾನು ಹೇಳೋಕಾಗಲ್ಲ ತನುಜಾ. ಆದ್ರೆ ಎಲ್ರೂ ಎತ್ಕೊಂಡೇ ಇದ್ರೆ ಖಂಡಿತ ನಡೆಯಲ್ಲ."

ಎಲ್ಲರೂ ಎತ್ತಿಕೊಂಡೇ ಇದ್ದರು. ಅತ್ತೆ ಎತ್ತುತ್ತಿದ್ದರು, ಪಕ್ಕದ ಮನೆಯವರು ಎತ್ತುತ್ತಿದ್ದರು, ದಾರಿಯಲ್ಲಿ ಹೋಗುವವರು ಬಂದು "ಅಯ್ಯೋ ಪಾಪದ್ದೇ" ಎಂದು ಎತ್ತಿ ಮುದ್ದಾಡಿ ಹೋಗುತ್ತಿದ್ದರು. ತನುಜಾಳಿಗೆ ಸಿಟ್ಟು ಬರುತ್ತಿದ್ದದ್ದು ಆ 'ಪಾಪ'ದ ಮೇಲೆ. ಕೆಳಗಿಳಿಸೋಣ ಎಂದರೆ ಇಳಿಸುವ ಜಾಗವಾದರೂ ಎಲ್ಲಿತ್ತು? ಅಂಗಳ ಓರೆ, ತುಂಬಾ ಕಲ್ಲು. ಹೊಸಿಲಿನಿಂದ ಅಂಗಳಕ್ಕೆ ಎರಡು ಎತ್ತರದ ಮೆಟ್ಟಿಲು.

ಅಂಗಳ ಸಮ ಮಾಡಿ, ಮೆಟ್ಟಿಲಿಗೆ ಇಳಿಜಾರು ಹಾಕಿ, ಕಂಬಿ ನೆಟ್ಟುಕೊಡಲು ಅವಳು ದುಗ್ಗಪ್ಪನಿಗೆ ಹೇಳಿ ಕಳಿಸಿದಳು. ಅವನು ಬಂದು ನೋಡಿ ನಕ್ಕ. "ಇಷ್ಟು ಸಣ್ಣ ಕೆಲಸಕ್ಕೆ ಯಾರ್ ಬರ್ತಾರೆ ಮಾರಾಯ್ತಿ? ದೀಪಾವಳಿ ಕಳೀಲಿ, ನೋಡಾಣ." ದೀಪಾವಳಿ ಕಳೆಯಿತು. ಅವನು ಎರಡು ಸಲ ಫೋನಿನಲ್ಲಿ "ನಾಳೆ" ಎಂದ, ಮೂರನೆಯ ಸಲ ಎತ್ತಲಿಲ್ಲ. ಮರುದಿನ ತನುಜಾ ಆನಂದಪುರಕ್ಕೆ ಹೋಗಿ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಕರಣೆ ಕೇಳಿದಳು.

ಅಂಗಡಿಯವನು ಎರಡು ಮೂರು ತೆಗೆದು ಹರವಿದ. "ಯಾವ ಮೇಸ್ತ್ರಿಗೆ? ಅವ್ರಿಗೆ ಎಷ್ಟು ದೊಡ್ಡದು ಬೇಕಂತೆ?"

"ನಂಗೆ," ಎಂದಳು ತನುಜಾ. ಮೂರನ್ನೂ ಹಿಡಿದು ನೋಡಿ, ಹಿಡಿ ಸಣ್ಣದಿದ್ದದ್ದನ್ನು ತಗೊಂಡಳು.

ಮೊದಲು ಅಂಗಳ. ಪಿಕಾಸಿಯಿಂದ ಮೇಲಿನ ಭಾಗ ಅಗೆದು ಕೆಳಗಿನ ಭಾಗಕ್ಕೆ ತುಂಬಿದಳು. ರಕ್ಷಾ ಚಾಪೆಯ ಮೇಲೆ ಕೂತು ಹಳೆಯ ಸೌಟಿನಲ್ಲಿ ತನ್ನ ಪಾಲಿನ ಮಣ್ಣು ಕೆರೆಯುತ್ತಿದ್ದಳು. ಒಂದಷ್ಟು ಬಾಯಿಗೂ ಹೋಗುತ್ತಿತ್ತು. ಮಣ್ಣಿನ ಕೆಲಸವನ್ನು ಮಗುವಿನ ಎದುರಿಗೇ ಮಾಡಬಹುದು, ಸಿಮೆಂಟಿನ ಕೆಲಸ ಹಾಗಲ್ಲ. ಕೈ ಸುಡುತ್ತದೆ, ಕಣ್ಣಿಗೆ ಹಾರುತ್ತದೆ. ಹಾಗಾಗಿ ರಕ್ಷಾ ಮಧ್ಯಾಹ್ನ ಮಲಗಿದಾಗ ಮಾತ್ರ ಸಿಮೆಂಟು. ಒಂದು ನಿದ್ದೆಯಲ್ಲಿ ಮುಗಿಯುವಷ್ಟು ಕಲಸುವುದು, ಅಷ್ಟನ್ನೇ ಹಾಕಿ ತಿಕ್ಕುವುದು, ಮಗು ಏಳುವುದರೊಳಗೆ ಕೈ ತೊಳೆಯುವುದು. ಕೆಲವು ದಿನ ಎರಡು ಗಂಟೆ ಸಿಗುತ್ತಿತ್ತು. ಕೆಲವು ದಿನ ಬಾಂಡ್ಲಿಗೆ ನೀರು ಹಾಕುವಷ್ಟರಲ್ಲಿ "ಅಮ್ಮಾ" ಎಂಬ ಕೂಗು ಬಂದು, ಕಲಸಿದ್ದು ಅಲ್ಲೇ ಗಟ್ಟಿಯಾಗುತ್ತಿತ್ತು.

ಕೇರಿಯವರು ನೋಡಲು ಬಂದರು. ಗುತ್ಯಮ್ಮನಿಗೆ ಮುಜುಗರ. "ಜನ ಎಂತ ಹೇಳ್ತಾರೆ? ಗಂಡ ದುಡಿದು ಹಾಕಲ್ವಾ, ಇವಳ್ಯಾಕೆ ಕರಣೆ ಹಿಡಿದಾಳೆ ಅಂತಾರೆ."

"ನಾನು ತಲೆ ಮೇಲೆ ಬಾಂಡ್ಲಿ ಹೊರುವಾಗ ಯಾರೂ ಹಿಂಗೆ ನೋಡೋಕೆ ಬಂದಿರ್ಲಿಲ್ಲ ಅತ್ತೆ. ಈಗ ಬಂದಾರೆ, ನೋಡ್ಲಿ."

ಮೆಟ್ಟಿಲ ಮೇಲೆ ಇಳಿಜಾರು ಹಾಕಿ ಮುಗಿಸಿದ ದಿನ ಅವಳಿಗೆ ಬಹಳ ಹಿಗ್ಗು. ನೀರುಣಿಸಿ ಗಟ್ಟಿಯಾದ ಮೇಲೆ ಮಗಳನ್ನು ತಂದು ನಿಲ್ಲಿಸಿದಳು. ರಕ್ಷಾ ಒಂದು ಹೆಜ್ಜೆ ಇಡುವುದರೊಳಗೆ ಮುಗ್ಗರಿಸಿ, ತಾಯಿಯ ಕೈ ತಪ್ಪಿ, ಜಾರಿ ಕೆಳಗೆ ಬಿದ್ದಳು. ಗದ್ದ ಒಡೆದು ರಕ್ತ ಬಂತು.

ಗುತ್ಯಮ್ಮ ಓಡಿ ಬಂದು ಮಗುವನ್ನು ಎತ್ತಿಕೊಂಡರು. "ನಿನ್ನ ಹಠಕ್ಕೆ ಮಗಿನ ಗದ್ದ ಒಡೀತು! ಸಾಕಾಯ್ತಾ? ಬರದೇ ಇರೋ ಕೆಲಸಕ್ಕೆ ಎಂತಕ್ಕೆ ಕೈ ಹಾಕದು?"

ತನುಜಾ ಅತ್ತೆಯ ಕೈಯಿಂದ ಮಗಳನ್ನು ತಗೊಂಡಳು. ಆನಂದಪುರಕ್ಕೆ ಹೋಗಿ ಗದ್ದಕ್ಕೆ ಎರಡು ಹೊಲಿಗೆ ಹಾಕಿಸಿಕೊಂಡು ಬಂದಳು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಅತ್ತೆ ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಅವಳು ನೋಡಿ ಕಲಿತದ್ದು ಗೋಡೆ ಎತ್ತುವುದನ್ನು. ಇಳಿಜಾರನ್ನು ಯಾವ ಮನೆಯಲ್ಲೂ ಯಾರೂ ಹಾಕಿಸಿರಲಿಲ್ಲ. ಬೆಳಿಗ್ಗೆ ಭವ್ಯಾ ಮೇಡಂಗೆ ಫೋನು ಮಾಡಿದಳು. ಅವರು ಬೈಯುತ್ತಾರೆ ಅಂದುಕೊಂಡಿದ್ದಳು, ಬೈಯಲಿಲ್ಲ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು ಎಂದರು. ತನುಜಾ ಒಂದಕ್ಕೆ ನಾಲ್ಕು ಹಾಕಿದ್ದಳು.

ಫೋನಿಟ್ಟವಳೇ ಹಾರೆ ತಗೊಂಡು ತಾನು ಹಾಕಿದ್ದನ್ನು ತಾನೇ ಒಡೆದಳು. ಮಗಳ ಹನ್ನೆರಡು ದಿನದ ನಿದ್ದೆಗಳಲ್ಲಿ ಕಟ್ಟಿದ್ದು ಒಂದು ಬೆಳಿಗ್ಗೆಯಲ್ಲಿ ಹೋಯಿತು. ಮತ್ತೆ ಶುರು ಮಾಡಿದಳು. ಈ ಸಲ ಗೋಡೆಯ ಗುಂಟ ಉದ್ದಕ್ಕೆ ಒಯ್ದು, ನೀರಿನ ತೊಟ್ಟಿಯ ಹತ್ತಿರ ತಿರುಗಿಸಿ ಅಂಗಳಕ್ಕೆ ಇಳಿಸಿದಳು. ಕಾಲು ಜಾರದ ಹಾಗೆ ಹಸಿ ಸಿಮೆಂಟಿನ ಮೇಲೆ ಅಡ್ಡಡ್ಡ ಪೊರಕೆ ಎಳೆದಳು.

ನಾಗೇಂದ್ರ ಬಂದಾಗ ಗುರುತೇ ಸಿಗದ ಅಂಗಳ ನೋಡಿ ನಿಂತುಬಿಟ್ಟ. "ನಾನು ಬಂದ್ಮೇಲೆ ಮಾಡ್ತಿದ್ನಲ್ಲೇ."

"ನೀವು ಬರೋ ತನಕ ಅವಳ ಕಾಲು ಕಾಯ್ತದಾ? ಈಗ ಬಂದೀರಲ್ಲ, ಪೈಪ್ ಕೊಯ್ದು ಕೊಡಿ."

ಅವನು ಇದ್ದ ನಾಲ್ಕು ದಿನದಲ್ಲಿ ಹಳೆಯ ಕಬ್ಬಿಣದ ಪೈಪುಗಳನ್ನು ತಂದು, ಕೊಯ್ದು, ಉಜ್ಜಿ, ಬಣ್ಣ ಹಚ್ಚಿದ. ಎಲ್ಲಿ ನೆಡಬೇಕು, ಎಷ್ಟು ಎತ್ತರ ಎಂಬುದನ್ನು ತನುಜಾ ಹೇಳಿದಳು, ಅವನು ಹಿಡಿದುಕೊಂಡ. ಹೆಂಡತಿ ಹೇಳಿದ ಹಾಗೆ ಹಿಡಿದುಕೊಂಡಿದ್ದಾನೆಂದು ಕೇರಿಯಲ್ಲಿ ಯಾರೋ ಹಾಸ್ಯ ಮಾಡಿದರಂತೆ. "ಅವಳಿಗೆ ಗೊತ್ತು, ನಂಗೆ ಗೊತ್ತಿಲ್ಲ. ಮತ್ತೆಂತ ಮಾಡದು?" ಎಂದು ನಾಗೇಂದ್ರ ಉತ್ತರ ಕೊಟ್ಟನಂತೆ.

ಕಂಬಿ ಸಿಕ್ಕಿದರೂ ರಕ್ಷಾಳಿಗೆ ನಿಲ್ಲುವುದು ಬೇಸರ. ಎರಡು ನಿಮಿಷಕ್ಕೆ ಕೂತುಬಿಡುತ್ತಿದ್ದಳು. ಅವಳಿಗೆ ಬೇಕಾದದ್ದು ಮಣ್ಣು. ಹಾಗಾದರೆ ಮಣ್ಣನ್ನೇ ಮೇಲೆ ಎತ್ತಿದರಾಯಿತು ಅನಿಸಿತು ತನುಜಾಳಿಗೆ. ಹಿತ್ತಿಲಲ್ಲಿ ಬಿದ್ದಿದ್ದ ಜಂಬಿಟ್ಟಿಗೆ ಕಲ್ಲುಗಳನ್ನು ಕಂಬಿಯ ತುದಿಗೆ ಸಾಗಿಸಿ, ಮಗುವಿನ ಎದೆಮಟ್ಟಕ್ಕೆ ಚೌಕಾಕಾರದ ಕಟ್ಟೆ ಕಟ್ಟಿದಳು. ಒಳಗೆ ಮಣ್ಣು, ಸಗಣಿ ಗೊಬ್ಬರ, ತರಗೆಲೆ ತುಂಬಿ ಹರಿವೆ ಬೀಜ ಎರಚಿ, ಅಲಸಂದೆ ಊರಿದಳು. ಕೂತರೆ ಆ ಮಣ್ಣು ಸಿಗುವುದಿಲ್ಲ. ಬೇಕೆಂದರೆ ನಿಲ್ಲಲೇಬೇಕು.

ಮೊಳಕೆ ಬಂದ ದಿನ ರಕ್ಷಾ ಕಂಬಿ ಹಿಡಿದು ಕಟ್ಟೆಯ ತನಕ ಹೋಗಿ, ಒಂದು ಕೈ ಕಲ್ಲಿಗೆ ಊರಿ ನಿಂತು, ಅಲಸಂದೆ ಸಸಿಗಳನ್ನು ಒಂದೊಂದಾಗಿ ಕಿತ್ತು ಹಾಕಿದಳು. ಗುತ್ಯಮ್ಮ "ಅವಳನ್ನ ಹಿಡ್ಕಳೇ, ಎಲ್ಲಾ ಕೀಳ್ತದೆ" ಎಂದು ಕೂಗಿದರು.

"ಕೀಳ್ಲಿ ಬಿಡಿ ಅತ್ತೆ. ನಿಂತ್ಕಂಡು ಕೀಳ್ತಾಳಲ್ಲ."

ಮರುದಿನ ರಕ್ಷಾ ಏಳುವುದರೊಳಗೆ ಗುತ್ಯಮ್ಮ ಬೇರೆ ಹತ್ತು ಸಸಿ ತಂದು ನೆಟ್ಟಿದ್ದರು. ಆಮೇಲೆ ಅದು ಅವರದೇ ದಿನದ ಕೆಲಸವಾಯಿತು. ಅಜ್ಜಿ ನೆಡುವುದು, ಮೊಮ್ಮಗಳು ಕೀಳುವುದು. ಒಂದೂವರೆ ವರ್ಷದಲ್ಲಿ ರಕ್ಷಾ ಕಟ್ಟೆಯ ಹತ್ತಿರ ಅರ್ಧ ಗಂಟೆ ನಿಲ್ಲುವ ಹಾಗಾದಳು. ಕಂಬಿ ಹಿಡಿದು ಆ ತುದಿಗೆ ಹೋಗಿ ಈ ತುದಿಗೆ ಬರುವ ಹಾಗಾದಳು. ಕಿತ್ತು ಉಳಿದ ಹರಿವೆಯಲ್ಲಿ ಒಂದೆರಡು ಸಲ ಸಾರೂ ಆಯಿತು.

ನಾಲ್ಕು ವರ್ಷಕ್ಕೆ ತನುಜಾ ಅವಳನ್ನು ಕೇರಿಯ ಅಂಗನವಾಡಿಗೆ ಕರೆದುಕೊಂಡು ಹೋದಳು. ಅಲ್ಲಿ ಮೂರು ಎತ್ತರದ ಮೆಟ್ಟಿಲು, ಹಿಡಿಯಲು ಏನೂ ಇಲ್ಲ. ಸುಚಿತ್ರಾ ಟೀಚರ್ ಒಳ್ಳೆಯವರೇ. ಆದರೆ ಅವರಿಗೆ ಸೊಂಟನೋವು, ಸಹಾಯಕಿಗೆ ಅರವತ್ತರ ಹತ್ತಿರ ವಯಸ್ಸು. "ಎತ್ತಿ ಇಳಿಸೋಕೆ ನಮ್ಮ ಕೈಲಾಗಲ್ಲ ತನುಜಾ. ಚೆನ್ನಾಗಿ ನಡೆಯೋದು ಕಲೀಲಿ, ಆಮೇಲೆ ಕಳಿಸಿ."

ತನುಜಾ ಪಂಚಾಯ್ತಿ ಮೆಂಬರ್ ಯೋಗರಾಜನ ಮನೆಗೆ ಹೋದಳು. "ಅರ್ಜಿ ಕೊಡು, ಆ್ಯಕ್ಷನ್ ಪ್ಲಾನಿಗೆ ಹಾಕಾಣ," ಎಂದ. ಅರ್ಜಿ ಕೊಟ್ಟಳು. ಮೂರು ತಿಂಗಳಲ್ಲಿ ನಾಲ್ಕು ಸಲ ಹೋಗಿ ಕೇಳಿದಳು. ನಾಲ್ಕನೆಯ ಸಲ ಅವನು, "ಒಂದು ಮಗಿಗೋಸ್ಕರ ಯಾರಾದ್ರೂ ಕಟ್ಟಡ ಬದಲಾಯಿಸ್ತಾರಾ? ಮನೇಲೇ ಇಟ್ಕಂಡು ನೋಡ್ಕಳಮ್ಮ," ಎಂದ.

ಆ ಶನಿವಾರ ಅಂಗನವಾಡಿ ಬಿಟ್ಟ ಮೇಲೆ ತನುಜಾ ಮರಳು, ಜಲ್ಲಿ, ಸಿಮೆಂಟು, ಕರಣೆ ತಂದು ಇಳಿಸಿದಳು. ಬೀಗ ಹಾಕುತ್ತಿದ್ದ ಸುಚಿತ್ರಾ ಟೀಚರ್ ಅದನ್ನೆಲ್ಲ ನೋಡಿದರು. "ನಾನೇನೂ ನೋಡ್ಲಿಲ್ಲ," ಎಂದು ಹೇಳಿ, ಹೋಗುವ ಮೊದಲು ಹೊರಗಿನ ನೀರಿನ ನಲ್ಲಿ ತೆರೆದಿಟ್ಟು ಹೋದರು. ಗುತ್ಯಮ್ಮ ಮಗುವನ್ನು ನೋಡಿಕೊಂಡರು. ತನುಜಾ ಸಂಜೆ ಕತ್ತಲಾಗುವ ತನಕ, ಮತ್ತೆ ಭಾನುವಾರ ಇಡೀ ದಿನ ಕೆಲಸ ಮಾಡಿದಳು. ಒಂದೂವರೆ ಅಡಿ ಎತ್ತರ, ಹದಿನೆಂಟು ಅಡಿ ಉದ್ದ. ಎದುರಿಗೆ ಜಾಗ ಸಾಲದೆ ಗೋಡೆಯ ಪಕ್ಕಕ್ಕೆ ತಿರುಗಿಸಿದಳು. ಮೆಟ್ಟಿಲನ್ನು ಮುಟ್ಟಲಿಲ್ಲ, ಹತ್ತುವವರು ಹತ್ತಲಿ.

ಸೋಮವಾರ ಬೆಳಿಗ್ಗೆ ಅವಳು ಗೋಣಿಚೀಲ ಹಾಸಿ ನೀರು ಉಣಿಸುತ್ತಿದ್ದಾಗ ಯೋಗರಾಜ ಬೈಕಿನಲ್ಲಿ ಬಂದ. ಮಕ್ಕಳನ್ನು ಬಿಡಲು ಬಂದ ತಾಯಂದಿರು ಅಲ್ಲೇ ನಿಂತರು.

"ಯಾರ ಪರ್ಮಿಶನ್ ತಗಂಡು ಕಟ್ಟಿದ್ದು ಇದು? ಸರ್ಕಾರದ ಕಟ್ಟಡ. ಕೇಸಾಗ್ತದೆ, ಗೊತ್ತುಂಟಾ? ಇವತ್ತೇ ಒಡೆಸ್ತೀನಿ."

ತನುಜಾ ಪಕ್ಕದಲ್ಲಿದ್ದ ಹಾರೆ ಎತ್ತಿ ಅವನ ಮುಂದೆ ಹಿಡಿದಳು. "ಒಡೆಸೋದು ಎಂತಕ್ಕೆ ಯೋಗರಾಜಣ್ಣ, ನೀವೇ ಒಡೀರಿ. ಆದ್ರೆ ಒಡೆದ್ಮೇಲೆ ದಿನಾ ಬೆಳಿಗ್ಗೆ ಬಂದು ನನ್ನ ಮಗಳನ್ನ ಎತ್ತಿ ಒಳಗೆ ಬಿಡ್ಬೇಕು. ಅಂಗನವಾಡಿ ಬಿಡೋ ಹೊತ್ತಿಗೆ ಬಂದು ಇಳಿಸ್ಬೇಕು. ಒಂದು ದಿನ ತಪ್ಪಿದ್ರೂ ನಾನು ನಿಮ್ಮ ಮನೆ ಬಾಗಿಲಿಗೆ ಬರ್ತೀನಿ. ಒಪ್ಪಿಗೆನಾ?"

ಅವನು ಹಾರೆಗೆ ಕೈ ಹಾಕಲಿಲ್ಲ. "ಹೆಂಗಸರ ಹತ್ರ ಎಂತ ಮಾತು," ಎಂದು ಬೈಕು ತಿರುಗಿಸಿದ. ಏಳು ತಿಂಗಳ ಬಸುರಿ ಪ್ರತಿಮಾ ಅಂಗನವಾಡಿಯಲ್ಲಿ ಬಸುರಿಯರಿಗೆ ಕೊಡುವ ಮೊಟ್ಟೆಗೆಂದು ಬಂದಿದ್ದಳು. "ಹೌದು, ಹೆಂಗಸರೇ. ನಾನೂ ಇದ್ರ ಮೇಲೇ ಹತ್ತದು ಇನ್ಮೇಲೆ," ಎಂದು ಅವನಿಗೆ ಕೇಳುವ ಹಾಗೆ ಹೇಳಿದಳು. ವಾರದೊಳಗೆ ತನುಜಾಳಿಗೆ ಪಂಚಾಯ್ತಿಯಿಂದ ಒಂದು ನೋಟಿಸು ಬಂತು, ವಿವರಣೆ ಕೊಡಿ ಎಂದು. ತನುಜಾ ತಾನು ಕೊಟ್ಟಿದ್ದ ಅರ್ಜಿಯ ಜೆರಾಕ್ಸ್ ಲಗತ್ತಿಸಿ, ಕೆಳಗೆ ಬರೆದಳು: ನೀವು ಕಟ್ಟಲಿಲ್ಲ, ಅದಕ್ಕೆ ನಾನು ಕಟ್ಟಿದೆ. ಆಮೇಲೆ ಯಾರೂ ಬರಲಿಲ್ಲ.

ಹದಿನೈದು ದಿನ ಕಳೆದು, ಕಂಬಿಯನ್ನೂ ನೆಟ್ಟ ಮೇಲೆ, ರಕ್ಷಾ ಅಂಗನವಾಡಿಗೆ ಹೋದಳು. ಆ ಹದಿನೆಂಟು ಅಡಿಗೆ ಕಾಲು ಗಂಟೆ ಬೇಕಾಯಿತು. ನಡುವೆ ಎರಡು ಸಲ ಕೂತಳು. ಸಹಾಯಕಿ ಪಾಪ ಎಂದು ಕೈ ಚಾಚಿದಾಗ, "ಎತ್ಬೇಡ!" ಎಂದು ಕಿರುಚಿ ಆ ಕೈಗೆ ಹೊಡೆದಳು. ತನುಜಾ ಬೈಯಲಿಲ್ಲ.

ಸುದ್ದಿ ಕೇಳಿ ದುಗ್ಗಪ್ಪ ಬಂದು ಇಳಿಜಾರಿನ ಮೇಲೆ ರಸಮಟ್ಟ ಇಟ್ಟು ಮಟ್ಟ ನೋಡಿದ. ಅಂಚು ಸ್ವಲ್ಪ ಒರಟು ಎಂದ, ಬೇರೆ ತಪ್ಪು ಸಿಗಲಿಲ್ಲ. ಗ್ಯಾಂಗಿಗೆ ಬರ್ತೀಯಾ ಎಂದು ಕೇಳಿದ. ಕರಣೆ ಕೆಲಸವಾದರೆ, ಗಂಡಸರಿಗೆ ಕೊಡುವ ಕೂಲಿಯನ್ನೇ ಕೊಟ್ಟರೆ ಬರುತ್ತೇನೆ ಎಂದಳು. ಅವನು ತಲೆ ಕೆರೆದುಕೊಂಡು ಹೋದ. ಅವಳು ಕಾಯಲಿಲ್ಲ. ಹುಂಚದ ಕಡೆಯ ಒಂದು ಮನೆಯವರು ಲಕ್ವ ಹೊಡೆದ ಅಜ್ಜನಿಗೆ ಬಚ್ಚಲಿನ ದಾರಿ ಸರಿಮಾಡಿಸಲು ಅವಳನ್ನೇ ಕರೆದರು. ಅದಾದ ಮೇಲೆ ಇನ್ನೂ ಮೂರು ಮನೆ. ಕೆಲಸಕ್ಕೆ ಕರೆಯಲು ಬಂದವರು ಈಗಲೂ ಮೇಸ್ತ್ರಿ ಎಲ್ಲಿ ಎಂದು ಅವಳ ಬೆನ್ನ ಹಿಂದೆ ಹುಡುಕುತ್ತಾರೆ.

ರಕ್ಷಾ ಈಗಲೂ ಕೈಬಿಟ್ಟು ನಾಲ್ಕು ಹೆಜ್ಜೆಗಿಂತ ಹೆಚ್ಚು ಇಡಲಾರಳು. ಮುಂದೆ ಎಷ್ಟು ಇಡುತ್ತಾಳೆಂದು ಭವ್ಯಾ ಮೇಡಂ ಈಗಲೂ ಹೇಳುವುದಿಲ್ಲ. ಬರುವ ಜೂನಿಗೆ ಅವಳನ್ನು ಒಂದನೇ ಕ್ಲಾಸಿಗೆ ಸೇರಿಸಬೇಕು. ಹೋದ ವಾರ ತನುಜಾ ಶಾಲೆಗೆ ಹೋಗಿ ಟೇಪು ಹಿಡಿದು ಮೆಟ್ಟಿಲು ಅಳೆದಳು. ಹೆಡ್‌ಮಾಸ್ತರು ಹೊರಗೆ ಬಂದು ಏನು ವಿಷಯ ಎಂದು ಕೇಳಿದರು.

"ಎರಡೂವರೆ ಅಡಿ ಇದೆ ಸಾರ್," ಎಂದಳು ತನುಜಾ, ಟೇಪು ಸುತ್ತುತ್ತಾ. "ಅರ್ಜಿ ತಂದಿದೀನಿ. ಏಪ್ರಿಲ್ ತನಕ ಕಾಯ್ತೀನಿ."