ಇನ್ನೂರು ವ್ಯಾಟಿನ ಬೆಂಕಿ

ಕಮಲಾಪುರದ ದೌಲಪ್ಪನಿಗೆ ತಾಯಿಯೂ ತಂದೆಯೂ ಅಕ್ಕ ಮಾನಮ್ಮನೇ. ಹೆತ್ತವರು ಪ್ಲೇಗಿನಲ್ಲಿ ಹೋದ ಮೇಲೆ ಅವಳು ಗುಲಬರ್ಗಾಕ್ಕೆ ಬಂದು ಅಣವೀರಪ್ಪ ಸಾವ್ಕಾರನ ಹತ್ತಿ ಗಿರಣಿಯಲ್ಲಿ ಕೂಲಿಗೆ ನಿಂತಳು. ತಮ್ಮನನ್ನು ಹೈದರಾಬಾದಿಗೆ ಕಳಿಸಿ ಕರೆಂಟಿನ ಕೆಲಸ ಕಲಿಸಿದಳು. ಅಲ್ಲಿ ಖಮರುದ್ದೀನ್ ಮೇಸ್ತ್ರಿ ಅವನ ಕೈಗೆ ಮೀಟರು ಕೊಟ್ಟು ಹೇಳುತ್ತಿದ್ದ: "ವೋಲ್ಟು ಅಂದ್ರ ನೂಕೋ ಜೋರು. ಆಂಪಿಯರು ಅಂದ್ರ ಹರಿಯೋದು. ಜೋರನ್ನ ಹರಿವಿನಿಂದ ಭಾಗಿಸಿದ್ರ ತಂತ್ಯಾಗ ಎಷ್ಟು ಅಡ್ಡಿ ಅದ ಅಂತ ಗೊತ್ತಾಗ್ತದ, ಅದೇ ಓಮು. ಎರಡನ್ನೂ ಗುಣಿಸಿದ್ರ ವ್ಯಾಟು ಬರ್ತದ. ಅದು ಶಕ್ತಿ."

ನಿಜಾಮರ ಕಾಲ. ಊರಿನ ಮನೆಗಳಲ್ಲಿ ಇನ್ನೂ ಕಂದೀಲು ಉರಿಯುತ್ತಿದ್ದಾಗ ಸಾವ್ಕಾರ ಗಿರಣಿಗೆ ಎಣ್ಣೆ ಎಂಜಿನ್ನಿನ ಡೈನಮೋ ತರಿಸಿದ್ದ. ದೌಲಪ್ಪ ಅದರ ಉಸ್ತುವಾರಿಗೆ ಬಂದ.

ಒಂದು ಹಂಗಾಮಿನಲ್ಲಿ ಹತ್ತಿ ಕೋಣೆಯ ದೀಪಗಳು ಮಂಕಾದವು. ದೌಲಪ್ಪ ಮೀಟರು ಹಚ್ಚಿ ನೋಡಿದ. ಡೈನಮೋದ ಹತ್ತಿರ ನೂರಾ ಹತ್ತು ವೋಲ್ಟು, ಕೋಣೆಯ ದೀಪಗಳಿಗೆ ತಲುಪುವಾಗ ತೊಂಬತ್ತು. ಹರಿಯುತ್ತಿದ್ದದ್ದು ಹತ್ತು ಆಂಪಿಯರು. ನಡುವಿನ ಇಪ್ಪತ್ತು ವೋಲ್ಟು ಎಲ್ಲಿ ಹೋಯಿತೆಂದು ತಂತಿಯ ಗುಂಟ ಹುಡುಕುತ್ತ ಹೋದರೆ ಗೋಡೆಯ ಒಂದು ಸಡಿಲ ಜೋಡಣೆ ಮುಟ್ಟಲಾಗದಷ್ಟು ಸುಡುತ್ತಿತ್ತು. ಅದರ ಕೆಳಗೇ ಬಿಡಿಸಿದ ಹತ್ತಿಯ ರಾಶಿ. ಅವನು ಸಾವ್ಕಾರನ ಗಾದಿಯ ಮುಂದೆ ಹೋಗಿ ನಿಂತ.

"ಆ ಜೋಡಣ್ಯಾಗ ಎರಡು ಓಮಿನ ಅಡ್ಡಿ ಅದರೀ. ಇಪ್ಪತ್ತಕ್ಕ ಹತ್ತು ಗುಣಿಸ್ರಿ, ಇನ್ನೂರು ವ್ಯಾಟು. ಅಷ್ಟೂ ಶಾಖ ಆಗಿ ಒಂದೇ ಕಡಿ ನಿಂತದ. ಅರ್ಧ ದಿನ ಗಿರಣಿ ನಿಲ್ಲಸ್ರಿ, ಸರಿ ಮಾಡ್ತೀನಿ."

"ದೀಪ ಉರೀತಾವಿಲ್ಲೋ?"

"ಉರೀತಾವ್ರಿ. ಆದ್ರ..."

"ಹಂಗಾಮಿನ್ಯಾಗ ಗಿರಣಿ ನಿಲ್ಲಸು ಅಂತಿ? ನಡಿ ಆಚಿ!" ಸಾವ್ಕಾರ ಸ್ವಿಚ್ಚಿನ ಕೋಣೆಯ ಕೀಲಿಯನ್ನೂ ಕಸಿದುಕೊಂಡ.

ಆ ವಾರವೇ ಹತ್ತಿಗೆ ಬೆಂಕಿ ಬಿತ್ತು. ಉಳಿದ ಹೆಂಗಸರು ಓಡಿ ಹೊರಬಂದರು. ಒಳಗಿನ ಮೂಲೆಯಲ್ಲಿದ್ದ ಮಾನಮ್ಮ ಬರಲಿಲ್ಲ. ಪಂಚನಾಮೆಗೆ ಬಂದ ಪೊಲೀಸ್ ಅಮೀನನ ಮುಂದೆ ಸಾವ್ಕಾರ, "ಆಕಿ ಕದ್ದು ಬೀಡಿ ಸೇದ್ತಿದ್ಲು ಸಾಹೇಬ್ರ, ಅದರ ಕಿಡಿ" ಎಂದ. ಹಾಗೆಯೇ ಬರೆದುಕೊಂಡರು. ಹೊಗೆಸೊಪ್ಪಿನ ವಾಸನೆಗೇ ಮೂಗು ಮುಚ್ಚಿಕೊಳ್ಳುತ್ತಿದ್ದ ಅಕ್ಕ, ಊರಿನ ಬಾಯಲ್ಲಿ ಬೀಡಿ ಮಾನಮ್ಮಳಾದಳು.

ದೌಲಪ್ಪ ಕೆಲಸ ಬಿಡಲಿಲ್ಲ. ಮಂದಿ ಥೂ ಎಂದರು. ಹೆದರಿ ಬಾಲ ಮುದುರಿದ್ದಾನೆ ಎಂದು ಸಾವ್ಕಾರ ತಿಳಿದ. ಅವನು ತಲೆ ತಗ್ಗಿಸಿ "ಹೂಂರಿ" ಎನ್ನುತ್ತ ಕಾಯುತ್ತಿದ್ದ.

ಕಮಲಾಪುರದ ಕೆಂಪು ಬಾಳೆಯ ತೋಟದಲ್ಲಿ ಸಾವ್ಕಾರ ಹೊಸ ಬಂಗಲೆ ಕಟ್ಟಿಸಿ, ಅಲ್ಲಿಗೂ ಡೈನಮೋ ತರಿಸಿದಾಗ ತಂತಿ ಎಳೆಯುವ ಕೆಲಸ ದೌಲಪ್ಪನಿಗೇ ಬಂತು. ಅವನು ಲೆಕ್ಕ ಹಾಕಿದ. ಅಕ್ಕನನ್ನು ಸುಟ್ಟದ್ದು ಇನ್ನೂರು ವ್ಯಾಟು. ಇವನಿಗೂ ಅಷ್ಟೇ ಸಲ್ಲಬೇಕು, ಹೆಚ್ಚು ಬೇಡ, ಕಡಿಮೆಯೂ ಬೇಡ. ನೂರಾ ಹತ್ತು ವೋಲ್ಟಿನಲ್ಲಿ ಇನ್ನೂರು ವ್ಯಾಟಾಗಬೇಕಾದರೆ ಎರಡು ಆಂಪಿಯರಿಗೆ ತುಸು ಕಡಿಮೆ ಹರಿಯಬೇಕು, ಅಂದರೆ ಸುಮಾರು ಅರವತ್ತು ಓಮು. ಕರೆಂಟಿನ ಒಲೆಯ ಸುರುಳಿ ತಂತಿಯನ್ನು ಅಳೆದು ಕತ್ತರಿಸಿ, ಸಾವ್ಕಾರ ಒರಗುವ ಗಾದಿಯ ಹತ್ತಿಯೊಳಗೆ ಹೊಲಿದ. ದೀಪ ಹತ್ತಿದೊಡನೆ ಅದೂ ಕಾಯುವಂತೆ ಅದರ ಎರಡೂ ತುದಿಗಳನ್ನು ದೀಪದ ತಂತಿಗೆ ಸೇರಿಸಿದ.

ಗೃಹಪ್ರವೇಶದ ಸಂಜೆ ಎಂಜಿನ್ನು ಶುರುವಾಯಿತು. ಬಂಗಲೆಯ ತುಂಬ ದೀಪ. ಅಂಗಳದಲ್ಲಿ ನಿಂತ ದೌಲಪ್ಪನ ಮೂಗಿಗೆ ಕಮಟು ವಾಸನೆ ಬಡಿಯಿತು. ಅದನ್ನು ಅವನು ಎದೆ ತುಂಬ ಎಳೆದುಕೊಂಡ. ಅಷ್ಟರಲ್ಲಿ ಸಾವ್ಕಾರ ನಗುತ್ತ ಅತಿಥಿಗಳ ಜೊತೆ ತೋಟದ ಕಡೆಯಿಂದ ಬಂದ.

ದೌಲಪ್ಪ ಒಳಗೆ ಓಡಿದ. ಗಾದಿಯ ಮೇಲೆ ಸಾವ್ಕಾರನ ತಾಯಿ ಶಂಕ್ರಮ್ಮ ಕಣ್ಣು ಮುಚ್ಚಿ ಮಲಗಿದ್ದಳು. ಮೊಣಕಾಲು ನೋವೆಂದು ಮಗನೇ ಅಲ್ಲಿ ಮಲಗಿಸಿ ಹೋಗಿದ್ದ. ಅಂಚಿನಿಂದ ಹೊಗೆ ಏಳುತ್ತಿತ್ತು. ಮುದುಕಿಯನ್ನು ನೆಲಕ್ಕೆ ಎಳೆದು, ಗಾದಿ ಹರಿದು, ಕಾದು ಕೆಂಪಾಗಿದ್ದ ತಂತಿಯನ್ನು ಬರಿಗೈಯಲ್ಲಿ ಕಿತ್ತ. ಅಂಗೈ ಚರ್ಮ ತಂತಿಗೇ ಅಂಟಿ ಹೋಯಿತು.

ಸಾವ್ಕಾರ ಓಡಿ ಬಂದು, "ನಮ್ಮವ್ವನ ಜೀವ ಉಳಿಸ್ದಿ ದೌಲಪ್ಪಾ! ಏನು ಬೇಕು ಕೇಳು" ಎಂದು ಅವನ ಹೆಗಲು ಹಿಡಿದ.

ಆ ಹೊಗಳಿಕೆ ಅವನಿಗೆ ಸುಟ್ಟ ಕೈಗಿಂತ ಹೆಚ್ಚು ಉರಿಯಿತು. "ಇದನ್ನ ಇಟ್ಟಾವ ನಾನೇ. ನಿನಗಂತ ಇಟ್ಟಿದ್ದೆ. ನಿಮ್ಮವ್ವ ಮಲಗಿದ್ಲು, ಅದಕ್ಕ ಕಿತ್ತೀನಿ."

ಅತಿಥಿಗಳು ಅವನ ರಟ್ಟೆ ಹಿಡಿದರು. ಯಾರೋ ಅಮೀನನನ್ನು ಕರೆಯಲು ಹೊರಟರು. "ಕರೀರಿ," ಎಂದ ದೌಲಪ್ಪ. "ಗಿರಣ್ಯಾಗ ಜೋಡಣಿ ಸುಡಾಕತ್ತದ ಅಂತ ನಾ ಹೇಳಿದ್ದು, ಇಂವ ಕೀಲಿ ಕಸಗೊಂಡಿದ್ದು, ಎಲ್ಲಾ ಅವರ ಮುಂದೇ ಹೇಳ್ತೀನಿ. ನಮ್ಮಕ್ಕ ಬೀಡಿ ಮುಟ್ಟಿದಾಕಿ ಅಲ್ಲ."

ನೆಲದ ಮೇಲಿಂದಲೇ ಶಂಕ್ರಮ್ಮ ಮಗನನ್ನು ನೋಡಿದಳು. "ಖರೇ ಏನೋ?"

ಅಣವೀರಪ್ಪ ಅಮೀನನನ್ನು ಕರೆಯಲು ಹೊರಟವರನ್ನು ಕೈ ಸನ್ನೆ ಮಾಡಿ ತಡೆದ. ಮುದುಕಿಗೆ ಅಷ್ಟು ಸಾಕಾಯಿತು. "ಕೂಲ್ಯಾರ ಮುಂದ ನಿಂತು ಖರೇ ಮಾತು ಹೇಳೂತನಕ ನಿನ್ನ ಮನ್ಯಾಗ ನಾ ನೀರೂ ಕುಡಿಯಂಗಿಲ್ಲ" ಎಂದಳು. ಅವಳು ಹಟ ಸಡಿಲಿಸಲಿಲ್ಲ, ಮಗನೇ ಸೋತ.

ಗಿರಣಿಯ ಅಂಗಳದಲ್ಲಿ ಕೂಲಿಯವರೆಲ್ಲ ಸೇರಿದರು. ಸಾವ್ಕಾರ ನೆಲ ನೋಡುತ್ತ, "ಮಾನಮ್ಮ ಬೀಡಿ ಸೇದಿದ್ದಿಲ್ಲ. ತಂತಿ ಕೆಟ್ಟಿತ್ತು. ನನಗ ಗೊತ್ತಿತ್ತು" ಎಂದು ಗೊಣಗಿದ.

ಕೈಗೆ ಬಟ್ಟೆ ಸುತ್ತಿಕೊಂಡಿದ್ದ ದೌಲಪ್ಪ ಮುಂದೆ ಬಂದ. "ಕೇಳಸಲಿಲ್ರೀ, ಸಾವ್ಕಾರ. ಇನ್ನೊಮ್ಮಿ."

ಹೇಳಿದ.

"ಹಿಂದ ನಿಂತಾರಲ್ಲ, ಅವರಿಗಿ ಕೇಳಸಲಿಲ್ಲ."

ಮತ್ತೆ ಹೇಳಿದ. ಆ ಹೊತ್ತಿಗೆ ಅವನ ದನಿ ಒಡೆದಿತ್ತು. ದೌಲಪ್ಪ ಕಣ್ಣು ಮಿಟುಕಿಸದೆ ಅವನ ಮುಖವನ್ನೇ ನೋಡುತ್ತ ನಿಂತಿದ್ದ.

ಆಮೇಲೆ ದೌಲಪ್ಪ ಗಿರಣಿಯ ಮೆಟ್ಟಿಲು ತುಳಿಯಲಿಲ್ಲ. ಊರಿಗೆ ಕರೆಂಟು ಬಂದ ಮೇಲೆ ಕೋಟೆಯ ಸುತ್ತಲಿನ ಓಣಿಗಳಲ್ಲಿ ಮನೆಮನೆಗೆ ತಂತಿ ಎಳೆದು ಬದುಕಿದ. ಬಲಗೈ ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಶಂಕ್ರಮ್ಮ ಹೇಳಿ ಕಳಿಸಿದಾಗಲೆಲ್ಲ ಹೋಗಿ ಮಾತಾಡಿಸಿ ಬರುತ್ತಿದ್ದ. ಅವಳ ಮಗ ಎದುರಾದರೆ ದೌಲಪ್ಪ ಮುಖ ತಿರುವುತ್ತಿದ್ದ.

ಎಷ್ಟೋ ವರ್ಷದ ಮೇಲೆ ಅಣವೀರಪ್ಪ ಸತ್ತಾಗ ದೌಲಪ್ಪ ಮಣ್ಣಿಗೆ ಹೋದ. ಹೆಗಲು ಕೊಡಲಿಲ್ಲ, ಹೂವು ಹಾಕಲಿಲ್ಲ. ಕುಣಿ ಪೂರಾ ಮುಚ್ಚುವವರೆಗೂ ನಿಂತಿದ್ದು, ಮನೆಗೆ ಬಂದು ಸ್ನಾನ ಮಾಡಿ, ಹೊಟ್ಟೆ ತುಂಬ ಉಂಡ.